ಹುಳ ಹೋದ ಮೇಲೆ

ಶಿಡ್ಲಘಟ್ಟದಲ್ಲಿ ಹುಳ ಅಂದರೆ ಯಾರೂ ಮೂಗು ಮುರಿಯುವುದಿಲ್ಲ.
ಹುಳ ಅಂದರೆ ಸೊಪ್ಪು, ಹುಳ ಅಂದರೆ ಗೂಡು,
ಗೂಡು ಅಂದರೆ ಮಗಳ ಕಾಲೇಜು ಫೀಸು.
ಅದಕ್ಕೇ ಚಾಕಿ ಕೇಂದ್ರದ ಬಯ್ಯಮ್ಮ
ಹಳೇ ಸೀರೆಯಲ್ಲಿ ಸಿಪಿಯು ಕಟ್ಟಿಕೊಂಡು
ಆಟೋದಿಂದ ಇಳಿದು
‘ಇದಕ್ಕೆ ಹುಳ ಬಿದ್ದೈತೆ ಕಣಪ್ಪಾ’ ಅಂದಾಗ
ಪಕ್ಕದಂಗಡಿಯ ಅನ್ಸರ್ ನಕ್ಕ:
‘ಎಷ್ಟನೇ ಜ್ವರ ಅಕ್ಕಾ?’

ಯಾರದೋ ನಾಮಕರಣದ ಕಾರ್ಡಿಗೆಂದು
ಯಾರೋ ಚುಚ್ಚಿದ ಪೆನ್‌ಡ್ರೈವು.

ಕೊಲ್ಲುವುದು ಸುಲಭ. ಅದನ್ನೊಂದು ಸಿ.ಡಿ. ಮಾಡುತ್ತದೆ,
ನಾನು ಅಷ್ಟರಲ್ಲಿ ಎರಡು ಟೀ ಕುಡಿಯುತ್ತೇನೆ.
ನೂರಾ ನಲವತ್ತೊಂದು ಸಿಕ್ಕವು,
ನೂರಾ ನಲವತ್ತೊಂದು ಸತ್ತವು.
ಮತ್ತೆ ಹುಡುಕಿದರೆ ಸೊನ್ನೆ.
‘ಆಯ್ತಲ್ಲ, ಕೊಡು, ಹೋಗ್ತೀನಿ.’
‘ಕೂತ್ಕೊಳಿ. ರೋಗದ ಬೆಳೆ ಬಿಸಾಕಿದ ಮಾರನೇ ದಿನವೇ
ಅದೇ ತಟ್ಟೆಗೆ ಹೊಸ ಮರಿ ಬಿಡ್ತೀರಾ?’
ಕೂತರು. ಸುಣ್ಣ, ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಘಾಟು,
ಅವರಿಗೆ ನಾನು ಹೇಳಿಕೊಡುವುದೇನಿದೆ.

ಹುಳ ಹೋಗಿತ್ತು, ಅದರ ಕಾನೂನು ಹೋಗಿರಲಿಲ್ಲ.
ಫೋಲ್ಡರುಗಳು ಇದ್ದಲ್ಲೇ ಇದ್ದು ಕಾಣದಾಗಿದ್ದವು;
ಅವುಗಳ ಹೆಸರು ಹೊತ್ತ ಬಾಣದ ಗುರುತುಗಳು
ಬಾಗಿಲಲ್ಲಿ ನಿಂತು ಸುಳ್ಳು ದಾರಿ ತೋರಿಸುತ್ತಿದ್ದವು.
ಬ್ಯಾಂಕಿನ ವಿಳಾಸ ಕೊಟ್ಟರೆ ಇನ್ನೆಲ್ಲಿಗೋ ಒಯ್ಯುವ
ಒಂದು ಚಿಕ್ಕ ಕಡತ, ಅದರಲ್ಲಿ ಎರಡೇ ಸಾಲು ಹೆಚ್ಚು.
ಟಾಸ್ಕ್ ಮ್ಯಾನೇಜರ್ ಕರೆದರೆ ಪರದೆ ಗಂಭೀರವಾಗಿ ಹೇಳಿತು:
ನಿಮ್ಮ ಮೇಲಧಿಕಾರಿ ಇದನ್ನು ತಡೆಹಿಡಿದಿದ್ದಾರೆ.

‘ಯಾರಪ್ಪಾ ಅದು ಮೇಲಧಿಕಾರಿ?’ ಬಯ್ಯಮ್ಮ ಮುಂದೆ ಬಾಗಿದರು.
‘ಕೇಂದ್ರ ನಂದು, ಮಿಷನ್ ನಂದು, ಕರೆಂಟ್ ಬಿಲ್ ನಂದು.’
ಸತ್ತ ಹುಳ ನೇಮಿಸಿಟ್ಟ ಅಧಿಕಾರಿ ಅಮ್ಮಾ.
ಅದು ಸತ್ತದ್ದು ಇವನಿಗಿನ್ನೂ ಗೊತ್ತಿಲ್ಲ.

ರಿಜಿಸ್ಟ್ರಿಗೆ ಇಳಿದೆ.
ತಾಲೂಕು ಕಚೇರಿಯ ರೆಕಾರ್ಡು ರೂಮಿನ ಹಾಗೆ ಅದು,
ಕಪಾಟಿನೊಳಗೆ ಕಪಾಟು, ಗಂಟಿನೊಳಗೆ ಗಂಟು;
ಎಲ್ಲೋ ಒಂದು ಗಂಟಿನಲ್ಲಿ ‘೧’ ಎಂದು ಬರೆದಿರುತ್ತದೆ,
ಅದನ್ನು ಸೊನ್ನೆ ಮಾಡಬೇಕು, ಅಷ್ಟೆ.
ಪಕ್ಕದ್ದನ್ನು ಮಾಡಿದಿರೋ, ಯಂತ್ರ ಏಳುವುದೇ ಇಲ್ಲ.
ಒಂದು, ಸೊನ್ನೆ.
ಒಂದು, ಸೊನ್ನೆ.
ಬೆಂದ ಪ್ಯೂಪಾದ ವಾಸನೆ ಬೀದಿ ದಾಟಿ ಒಳಗೆ ಬಂತು.
ಬಯ್ಯಮ್ಮ ತೂಕಡಿಸಿದರು.

ಸಂಜೆಗೆ ಕೈಗೆ ಹುಮ್ಮಸ್ಸು ಬಂದಿತ್ತು.
ಕಂಡದ್ದನ್ನೆಲ್ಲ ಸರಿ ಮಾಡತೊಡಗಿದೆ:
ಏಳು ನಿಮಿಷ ಮುಂದೋಡುತ್ತಿದ್ದ ಗಡಿಯಾರ;
ಮಧ್ಯಾಹ್ನದಿಂದ ನನ್ನನ್ನು ಸತಾಯಿಸಿದ
ಎಡಬಲ ಅದಲುಬದಲಾದ ಮೌಸು.
ಎಂಥ ಕಿಡಿಗೇಡಿ ಹುಳ!
ತಿರುಗಿಸಿದೆ. ‘ನೋಡಿ ಅಮ್ಮಾ, ಹೊಸದರ ಹಾಗೆ.’

ಅವರು ಮೌಸನ್ನು ಕೀಬೋರ್ಡಿನ ಎಡಕ್ಕೆ ಎಳೆದುಕೊಂಡರು.
ಒತ್ತಿದರು. ಬೇರೇನೋ ತೆರೆಯಿತು. ಮತ್ತೆ ಒತ್ತಿದರು.
ಎಡಗೈ ಎತ್ತಿ ಅದನ್ನೇ ನೋಡಿದರು.

‘ಒಂದನೇ ಕ್ಲಾಸಲ್ಲಿ ಮೇಷ್ಟ್ರು ಈ ಕೈನ
ಕಿಟಕಿ ಸರಳಿಗೆ ಕಟ್ಟೋರು.
ಬಲಗೈಲಿ ಬರಿ, ಸರಿಹೋಗ್ತೀಯ ಅನ್ನೋರು.
ಊಟ ಬಲಗೈ, ಅರಿಶಿನ ಕುಂಕುಮ ಬಲಗೈ.
ಈ ಕೈಯ ಮಾತು ಕೇಳಿದ್ದು ಇದೊಂದೇ ಮಿಷನ್ನು.
ಅದನ್ನೂ ಹುಳ ಅಂದ್ಕಂಡ್ಯಾ?’

ಹನ್ನೊಂದು ವರ್ಷದಿಂದ ಇದೇ ಕೆಲಸ.
ನನ್ನ ತಂತ್ರಾಂಶಕ್ಕೆ ಗೊತ್ತಿರುವುದು ಒಂದೇ ಪದ, ಡೀಫಾಲ್ಟ್.
ಯಾವುದೋ ಕಾರ್ಖಾನೆಯಲ್ಲಿ
ಯಾರೋ ಬಲಗೈಯವನು ಇಟ್ಟ ಹೆಸರು.

ತಿರುಗಿಸಿದ್ದನ್ನು ತಿರುಗಿಸಿದೆ.
‘ಗಡಿಯಾರ?’
‘ಮುಂದಕ್ಕೇ ಇರ್ಲಿ. ಸೊಪ್ಪು ಹಾಕೋ ಹುಡುಗ್ರು
ಐದು ನಿಮಿಷ ತಡ ಬರ್ತಾರೆ.’
ಆಮೇಲೆ ಒಂದೊಂದನ್ನೂ ಕೇಳಿಯೇ ಮುಟ್ಟಿದೆ.
ಪರದೆಯ ಹಳದಿ? ಇರ್ಲಿ. ದಪ್ಪ ಅಕ್ಷರ? ಇರ್ಲಿ.
ಈ ಪಾಸ್‌ವರ್ಡು? ಅದು ಮಾತ್ರ ಬದಲಾಯಿಸು,
ಅನ್ಸರ್‌ಗೂ ಗೊತ್ತು.

ಚೀಟಿ ಬರೆದು ಕೊಟ್ಟೆ: ವೈರಸ್ ತೆಗೆದದ್ದು, ೪೫೦.
ಪೆನ್ನು ಇಸಕೊಂಡು, ಎಡಗೈಯಲ್ಲಿ,
ಐದನ್ನು ಹೊಡೆದು ಸೊನ್ನೆ ಮಾಡಿದರು.
‘ಮೌಸಿಂದು ವಜಾ’ ಅಂದರು.